ಹೌರಾ ಸೇತುವೆಯೂ ನಮ್ಮ ಹಳ್ಳದ ಸಂಕವೂ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಮಾತಿನ ನಡುವೆ ಮೂರು ಚಿತ್ರಗಳನ್ನು ಪರದೆಯ ಮೇಲೆ ತೋರಿಸಲಾಯಿತು.)



ಸಮಿತಿಯವರು ಫೋನ್ ಮಾಡಿ, "ನೀವು ಕಲ್ಕತ್ತದಲ್ಲಿ ಇದ್ದೀರಿ, ರಾತ್ರಿ ಹೊತ್ತು ಸೇತುವೆಗಳ ಫೋಟೊ ತೆಗೆಯುತ್ತೀರಂತೆ, ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ನಾನು ದೊಡ್ಡ ಫೋಟೊಗ್ರಾಫರ್ ಅಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಕೆಲಸ. ಕೆಂಪು ದೀಪ, ಹಸಿರು ದೀಪ ಸರಿಯಾಗಿ ಹತ್ತುತ್ತವೆಯೋ ಇಲ್ಲವೋ ನೋಡಿಕೊಳ್ಳುವುದು. ರಾತ್ರಿ ಪಾಳಿ ಜಾಸ್ತಿ. ರಾತ್ರಿ ಎಚ್ಚರ ಇರುವುದು ಅಭ್ಯಾಸವಾದ ಮೇಲೆ ಈ ಹುಚ್ಚು ಹತ್ತಿಕೊಂಡಿತು. 2009ರಲ್ಲಿ ಸಹೋದ್ಯೋಗಿಯೊಬ್ಬರಿಂದ ಹಳೆಯ ಡಿಜಿಟಲ್ ಕ್ಯಾಮೆರಾ ಒಂದನ್ನು ಕಂತಿನ ಮೇಲೆ ಕೊಂಡೆ. ಮನೆಯಲ್ಲಿ ಬೈಸಿಕೊಂಡೆ. ಆದರೂ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ನಾನು ಮೊದಲ ಕ್ಯಾಮೆರಾ ನೋಡಿದ್ದು ಇದೇ ಕಟ್ಟಡದಲ್ಲಿ, ಆ ಮೂಲೆಯ ಕೋಣೆಯಲ್ಲಿ. 1983ರಲ್ಲಿ ನಾನು ಎಂಟನೇ ತರಗತಿಗೆ ಸೇರಿದಾಗ ನಮ್ಮ ವಿಜ್ಞಾನದ ಮೇಷ್ಟ್ರು ಚಪ್ಪಲಿ ಡಬ್ಬಿಯೊಂದಕ್ಕೆ ಗುಂಡುಸೂಜಿಯಿಂದ ತೂತು ಮಾಡಿ, ಇನ್ನೊಂದು ಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿ, ಸೂಜಿರಂಧ್ರ ಕ್ಯಾಮೆರಾ ಮಾಡಿಸಿದ್ದರು. ತಲೆಯ ಮೇಲೆ ಕಂಬಳಿ ಹೊದ್ದು ನೋಡಿದರೆ ಹೊರಗಿನ ಧ್ವಜಕಂಬ ತಲೆಕೆಳಗಾಗಿ ಕಾಣುತ್ತಿತ್ತು. "ಬೆಳಕು ನೇರವಾಗಿ ಹೋಗ್ತದೆ, ಅದಕ್ಕೇ ತಲೆಕೆಳಗು" ಎಂದು ಅವರು ಹೇಳಿದ್ದು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ನನಗೆ ಅದು ಜೀವಮಾನಕ್ಕೆ ಸಾಕಾಯಿತು. ಸರ್, ನೀವು ಇಲ್ಲೇ ಕುಳಿತಿದ್ದೀರಿ. ಆ ಡಬ್ಬಿಯಿಂದಲೇ ಇವತ್ತಿನ ಮಾತು ಶುರುವಾದದ್ದು.

ಇನ್ನು ಸೇತುವೆಯ ವಿಷಯ.

ಡಿಪ್ಲೊಮಾ ಮುಗಿಸಿ, ರೈಲ್ವೆ ಪರೀಕ್ಷೆ ಪಾಸಾಗಿ, ಟ್ರಂಕು ಹೊತ್ತುಕೊಂಡು ಹೌರಾ ಸ್ಟೇಷನ್ನಿನಿಂದ ಹೊರಗೆ ಬಂದವನಿಗೆ ಮೊದಲು ಕಂಡದ್ದು ಊರಲ್ಲ, ಸೇತುವೆ. ಆಕಾಶಕ್ಕೆ ಏರಿ ನಿಂತ ಕಬ್ಬಿಣದ ಬೆಟ್ಟ. 1936ರಲ್ಲಿ ಕಟ್ಟಲು ಶುರು ಮಾಡಿ, 1943ರ ಫೆಬ್ರುವರಿಯಲ್ಲಿ, ಎರಡನೇ ಮಹಾಯುದ್ಧ ನಡೆಯುತ್ತಿರುವಾಗಲೇ ಸಂಚಾರಕ್ಕೆ ಬಿಟ್ಟದ್ದು. ಸುಮಾರು 26,500 ಟನ್ ಉಕ್ಕು; ಅದರಲ್ಲಿ ಬಹುಪಾಲು ಟಾಟಾದವರದು. ಎರಡು ಗೋಪುರಗಳ ನಡುವೆ 457 ಮೀಟರ್, ಅಂದರೆ ಸಾವಿರದೈನೂರು ಅಡಿ. ಅಷ್ಟು ಉದ್ದಕ್ಕೂ ಹೂಗ್ಲಿ ನದಿಯೊಳಗೆ ಒಂದು ಕಂಬವೂ ಇಲ್ಲ. ನಟ್ಟು ಬೋಲ್ಟು ಹಾಕದೆ ಪೂರ್ತಿ ರಿವೆಟ್ ಹೊಡೆದು ಕಟ್ಟಿದ್ದಾರೆ. 1965ರಲ್ಲಿ ಅದಕ್ಕೆ ರವೀಂದ್ರ ಸೇತು ಎಂದು ಹೆಸರಿಟ್ಟರು. ಜನ ಮಾತ್ರ ಈಗಲೂ ಹೌರಾ ಬ್ರಿಜ್ ಅಂತಲೇ ಅನ್ನುತ್ತಾರೆ. ಎರಡು ಅಡಿಕೆ ಮರದ ಸಂಕ ದಾಟಿ ಶಾಲೆಗೆ ಬರುತ್ತಿದ್ದ ನಾನು ಅದರ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆ. ಆವತ್ತೇ ಅದರ ಮೇಲೆ ಪ್ರೀತಿ ಹುಟ್ಟಿತು. ಫೋಟೊ ತೆಗೆಯುವ ಯೋಗ ಹದಿನೇಳು ವರ್ಷ ಬಿಟ್ಟು ಬಂತು.

ರಾತ್ರಿ ಫೋಟೊ ಹೇಗೆ ತೆಗೆಯುತ್ತಾರೆ? ಮಕ್ಕಳೇ, ನಿಮಗೆ ಗದ್ದೆಯ ಲೆಕ್ಕದಲ್ಲಿ ಹೇಳುತ್ತೇನೆ. ಗದ್ದೆಗೆ ನೀರು ಬಿಡುವುದಕ್ಕೆ ಬದುವಿನಲ್ಲಿ ಕಂಡಿ ಮಾಡುತ್ತೇವೆ. ಕಂಡಿ ದೊಡ್ಡದಾದರೆ ಗದ್ದೆ ಬೇಗ ತುಂಬುತ್ತದೆ, ಸಣ್ಣದಾದರೆ ನಿಧಾನ. ಕ್ಯಾಮೆರಾದಲ್ಲಿ ಬೆಳಕೇ ನೀರು. ಅಪರ್ಚರ್ ಅನ್ನುವುದು ಕಂಡಿಯ ಅಗಲ. ಶಟರ್ ಅನ್ನುವುದು ಕಂಡಿಯನ್ನು ಎಷ್ಟು ಹೊತ್ತು ತೆರೆದಿಡುತ್ತೀರಿ ಅನ್ನುವುದು. ಹಗಲಿನಲ್ಲಿ ಬೆಳಕಿನ ಹೊಳೆಯೇ ಹರಿಯುತ್ತಿರುತ್ತದೆ, ಸೆಕೆಂಡಿನ ನೂರರಲ್ಲಿ ಒಂದು ಪಾಲು ತೆರೆದರೂ ಸಾಕು. ರಾತ್ರಿ ಬೆಳಕು ತೊಟ್ಟಿಕ್ಕುತ್ತದೆ. ಹಾಗಾಗಿ ಐದು ಸೆಕೆಂಡು, ಹತ್ತು ಸೆಕೆಂಡು, ಕೆಲವೊಮ್ಮೆ ನಿಮಿಷಗಟ್ಟಲೆ ತೆರೆದಿಡಬೇಕು. ಕಂಡಿಯ ಅಗಲಕ್ಕೆ ಕ್ಯಾಮೆರಾದಲ್ಲಿ ಅಂಕಿಗಳಿವೆ. ಎಂಟರಿಂದ ಹನ್ನೊಂದಕ್ಕೆ ಹೋದರೆ ಬೆಳಕು ಅರ್ಧ, ಹನ್ನೊಂದರಿಂದ ಹದಿನಾರಕ್ಕೆ ಹೋದರೆ ಮತ್ತೆ ಅರ್ಧ. ಎಂಟರಲ್ಲಿ ಐದು ಸೆಕೆಂಡು ಬೇಕಾದ ಚಿತ್ರಕ್ಕೆ ಹನ್ನೊಂದರಲ್ಲಿ ಹತ್ತು, ಹದಿನಾರರಲ್ಲಿ ಇಪ್ಪತ್ತು. ಇಷ್ಟೇ ಗಣಿತ. ನಮ್ಮ ಗಣಿತದ ಮೇಷ್ಟ್ರು ಇದ್ದಿದ್ದರೆ "ಇಷ್ಟಾದರೂ ಬಂತಲ್ಲ ನಿನಗೆ" ಅನ್ನುತ್ತಿದ್ದರು.

ಗಣಿತ ಸುಲಭ, ಕೆಲಸ ಕಷ್ಟ. ಕಂಡಿ ತೆರೆದಿರುವಷ್ಟು ಹೊತ್ತು ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು. ನಾನು ಮೊದಲ ರಾತ್ರಿ ಮೂರು ಕಾಲಿನ ಸ್ಟ್ಯಾಂಡ್ ತೆಗೆದುಕೊಂಡು ಹೋಗಿ ದೋಣಿಕಟ್ಟೆಯ ಜೆಟ್ಟಿಯ ಮೇಲೆ ನಿಲ್ಲಿಸಿದೆ. ಇಡೀ ಸೇತುವೆ ಕಾಣುವ ಜಾಗ. ಎರಡು ಗಂಟೆ ಕೂತು ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ಸರಿಯಿಲ್ಲ, ಎಲ್ಲಾ ದೀಪಕ್ಕೂ ಬಾಲ. ಯಾಕೆ ಅಂದರೆ ಆ ಜೆಟ್ಟಿ ನೆಲದ ಮೇಲಿಲ್ಲ, ನೀರಿನ ಮೇಲೆ ತೇಲುತ್ತದೆ. ಹೂಗ್ಲಿಗೆ ಸಮುದ್ರದ ಉಬ್ಬರ ಇಳಿತ ಬರುತ್ತದೆ, ಅದಕ್ಕೆ ತಕ್ಕಂತೆ ಜೆಟ್ಟಿಯೂ ಏರಿ ಇಳಿಯುತ್ತದೆ. ನನಗೆ ಗೊತ್ತಾಗದಷ್ಟು ಮೆಲ್ಲಗೆ ತೂಗುತ್ತಿತ್ತು, ಕ್ಯಾಮೆರಾಕ್ಕೆ ಗೊತ್ತಾಗಿತ್ತು. ಎರಡನೆಯ ಸಲ ಸೇತುವೆಯ ಕಾಲುದಾರಿಯ ಮೇಲೇ ಇಟ್ಟೆ. ಬಸ್ಸು ಬಂದಾಗಲೆಲ್ಲ ಸೇತುವೆಯೇ ನಡುಗಿತು. ಸಾಲದ್ದಕ್ಕೆ ಪೊಲೀಸಿನವರು ಬಂದು ಎಬ್ಬಿಸಿದರು. ಕೇಳದೆ ಅಲ್ಲಿ ಕ್ಯಾಮೆರಾ ಇಡುವ ಹಾಗಿಲ್ಲ ಎಂದು ಆಮೇಲೆ ತಿಳಿಯಿತು. ಮೂರನೆಯ ಸಲ ಕಲ್ಲಿನ ಘಾಟಿನ ಮೆಟ್ಟಿಲ ಮೇಲೆ ಗಟ್ಟಿ ನೆಲ ನೋಡಿ ಇಟ್ಟೆ. ಆಗಲೂ ಮಸುಕು! ನಾನು ಬೆರಳಿನಿಂದ ಬಟನ್ ಒತ್ತುತ್ತಿದ್ದೆನಲ್ಲ, ಆ ಒತ್ತಡಕ್ಕೇ ಅಲುಗುತ್ತಿತ್ತು. ಬಟನ್ ಒತ್ತಿ ಎರಡು ಸೆಕೆಂಡು ಬಿಟ್ಟು ತಾನಾಗಿಯೇ ತೆರೆಯುವ ಹಾಗೆ ಟೈಮರ್ ಇಡಬೇಕು ಎಂದು ಒಬ್ಬ ಬಂಗಾಳಿ ಹುಡುಗ ಹೇಳಿಕೊಟ್ಟ. ನನ್ನ ಮಗನ ವಯಸ್ಸಿನವನು. ಕಲಿಸುವವರಿಗೆ ವಯಸ್ಸಿಲ್ಲ.

ಇನ್ನೊಂದು ಗುಟ್ಟು. ರಾತ್ರಿ ಫೋಟೊವನ್ನು ನಡುರಾತ್ರಿ ತೆಗೆಯಬಾರದು. ಸೂರ್ಯ ಮುಳುಗಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ಆಕಾಶ ಕಡುನೀಲಿಯಾಗುತ್ತದೆ. ಆಗ ದೀಪವೂ ಹತ್ತಿರುತ್ತದೆ, ಆಕಾಶವೂ ಸತ್ತಿರುವುದಿಲ್ಲ. ಆ ಹೊತ್ತು ತಪ್ಪಿದರೆ ಸೇತುವೆಯ ಹಿಂದೆ ಬರೀ ಕಪ್ಪು. ಕಲ್ಕತ್ತ ಪೂರ್ವದಲ್ಲಿ ಇರುವುದರಿಂದ ಡಿಸೆಂಬರಿನಲ್ಲಿ ಐದು ಗಂಟೆಯ ಒಳಗೇ ಸೂರ್ಯ ಮುಳುಗಿಬಿಡುತ್ತಾನೆ. ಇಲ್ಲಿ ನಿಮಗಿನ್ನೂ ಬಿಸಿಲಿರುತ್ತದೆ. ಅಲ್ಲಿ ನಾನು ಸ್ಟ್ಯಾಂಡ್ ಬಿಡಿಸುತ್ತಿರುತ್ತೇನೆ. 2020ರ ಜನವರಿಯಲ್ಲಿ ಸೇತುವೆಗೆ ಬಣ್ಣ ಬದಲಿಸುವ ಹೊಸ ದೀಪ ಹಾಕಿದರು. ನೋಡುವುದಕ್ಕೆ ಚೆಂದ. ನಮಗೆ ತಾಪತ್ರಯ. ಇಪ್ಪತ್ತು ಸೆಕೆಂಡು ತೆರೆದಿಟ್ಟರೆ ಕೆಂಪು, ನೀಲಿ, ಹಸಿರು ಎಲ್ಲ ಕಲಸಿ ಬಣ್ಣಗೆಟ್ಟ ನೀರಿನ ಹಾಗೆ ಆಗುತ್ತದೆ. ಒಂದೇ ಬಣ್ಣ ನಿಂತಿರುವ ಹೊತ್ತನ್ನು ಕಾದು ತೆಗೆಯಬೇಕು.

ಈ ಕಾಯುವ ಕೆಲಸ ಹಳೆಯದು. 1930ರ ದಶಕದ ಆರಂಭದಲ್ಲಿ ಬ್ರಾಸಾಯ್ ಎಂಬ ಫೋಟೊಗ್ರಾಫರ್ ಪ್ಯಾರಿಸ್ ನಗರದ ಬೀದಿ, ಸೇತುವೆಗಳನ್ನು ರಾತ್ರಿಯ ಮಂಜಿನಲ್ಲಿ ತೆಗೆದು ಹೆಸರಾದ. ಅವನು ಸಿಗರೇಟಿನ ಲೆಕ್ಕದಲ್ಲಿ ಹೊತ್ತು ಅಳೆಯುತ್ತಿದ್ದನಂತೆ. ಶಟರ್ ತೆರೆದು ಸಿಗರೇಟು ಹಚ್ಚುವುದು, ಅದು ಮುಗಿದಾಗ ಮುಚ್ಚುವುದು. ಕತ್ತಲು ಹೆಚ್ಚಾದರೆ ದಪ್ಪ ಸಿಗರೇಟು. ಮಕ್ಕಳೇ, ಇದನ್ನು ಕಲಿಯಬೇಡಿ. ನಾನು ಸಿಗರೇಟು ಸೇದುವುದಿಲ್ಲ, ಮಗ್ಗಿ ಹೇಳಿಕೊಳ್ಳುತ್ತೇನೆ. ಹದಿಮೂರರ ಮಗ್ಗಿ ನಿಧಾನಕ್ಕೆ ಹೇಳಿದರೆ ಸರಿಯಾಗಿ ಇಪ್ಪತ್ತು ಸೆಕೆಂಡು. ಅದೂ ಈ ಶಾಲೆಯದೇ.

ಈಗ ಪರದೆಯ ಮೇಲೆ ಮೊದಲನೆಯ ಚಿತ್ರ ನೋಡಿ. ಘಾಟಿನಿಂದ ತೆಗೆದ ಪೂರ್ತಿ ಸೇತುವೆ. ನದಿ ಕನ್ನಡಿಯ ಹಾಗಿದೆ. ನಿಜವಾಗಿ ಅಲ್ಲಿ ಅಲೆ ಇತ್ತು, ದೋಣಿ ಓಡಾಡುತ್ತಿದ್ದವು. ಇಪ್ಪತ್ತು ಸೆಕೆಂಡಿನ ಅಲೆಗಳೆಲ್ಲ ಒಂದರ ಮೇಲೊಂದು ಕೂತು ನೀರು ನುಣ್ಣಗಾಗಿದೆ. ಆ ಕೆಂಪು ಗೆರೆ ಒಂದು ದೋಣಿ. ದೋಣಿ ಇಲ್ಲ, ಅದರ ದೀಪದ ದಾರಿ ಮಾತ್ರ ಇದೆ.

ಇದು ಎರಡನೆಯ ಚಿತ್ರ. ಇದನ್ನು ನೋಡಿ ನಮ್ಮ ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ಸೇತುವೆಯ ಕಲ್ಕತ್ತ ಕಡೆಯ ತುದಿಯಲ್ಲಿ, ಮಲ್ಲಿಕ್ ಘಾಟಿನ ಹೂವಿನ ಮಾರುಕಟ್ಟೆಗೆ ಇಳಿಯುವ ಮೆಟ್ಟಿಲ ಹತ್ತಿರ, ಕೇಳಿಕೊಂಡು ನಿಂತು ತೆಗೆದದ್ದು. ಸೇತುವೆಯ ಕಾಲುದಾರಿ ಉದ್ದಕ್ಕೆ ಕಾಣುತ್ತದೆ. ಬಲಗಡೆ ವಾಹನಗಳ ದೀಪದ ಹೊಳೆ. ಮುಂದೆ, ಚೆಂಡುಹೂವಿನ ಬುಟ್ಟಿ ಇಳಿಸಿ ಗೋಡೆಗೆ ಒರಗಿ ಕೂತ ಒಬ್ಬ ಹಮಾಲಿ. ಬಿಟ್ಟರೆ ಯಾರೂ ಇಲ್ಲ.

ಎರಡು ವರ್ಷದ ಕೆಳಗೆ ಊರಿಗೆ ಬಂದಾಗ ಇದನ್ನು ನನ್ನ ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ, "ಅಲ್ಲ ತಮ್ಮಾ, ಇಷ್ಟು ದೊಡ್ಡ ಸೇತುವೆ ಅಂತೀಯ, ಇವನೊಬ್ಬನ್ನ ಬಿಟ್ರೆ ಒಂದು ನರಪಿಳ್ಳೆ ಇಲ್ಲಲ್ಲ ಮಾರಾಯ. ಆವತ್ತು ಬಂದ್ ಇತ್ತಾ?" ಎಂದು ಕೇಳಿದಳು.

ಬಂದ್ ಇರಲಿಲ್ಲ. ಅದು ಸಂಜೆ ಆಫೀಸು ಬಿಡುವ ಹೊತ್ತು. ಆ ಸೇತುವೆಯನ್ನು ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ ನಡೆದೇ ದಾಟುತ್ತಾರೆ. ನಾನು ಈ ಫೋಟೊ ತೆಗೆಯುವಾಗ ಜಾತ್ರೆಯ ಹಾಗೆ ಜನ ಹೋಗುತ್ತಿದ್ದರು, ನನ್ನ ಸ್ಟ್ಯಾಂಡಿಗೆ ಎಲ್ಲಿ ಕಾಲು ತಾಗಿಸುತ್ತಾರೋ ಎಂದು ಕೈ ಅಡ್ಡ ಹಿಡಿದು ನಿಂತಿದ್ದೆ. ಎಲ್ಲ ಎಲ್ಲಿ ಹೋದರು?

ಲೆಕ್ಕ ಹಾಕಿ. ನಡೆಯುವ ಮನುಷ್ಯ ಒಂದು ಜಾಗದಲ್ಲಿ ಅರ್ಧ ಸೆಕೆಂಡೂ ಇರುವುದಿಲ್ಲ. ಇಪ್ಪತ್ತು ಸೆಕೆಂಡಿನ ಚಿತ್ರದಲ್ಲಿ ಅವನ ಪಾಲು ನಲವತ್ತರಲ್ಲಿ ಒಂದು. ಉಳಿದ ಮೂವತ್ತೊಂಬತ್ತು ಪಾಲು ಅವನ ಹಿಂದಿನ ಗೋಡೆಯದು, ಕಂಬಿಯದು. ಹಾಗಾಗಿ ಗೋಡೆ ಉಳಿಯುತ್ತದೆ, ಮನುಷ್ಯ ಅಳಿಸಿಹೋಗುತ್ತಾನೆ. ಹಮಾಲಿ ಕೂತಿದ್ದ, ಉಳಿದ.

ಇದು ಹೊಸದಾಗಿ ಕಂಡದ್ದಲ್ಲ. ಫೋಟೊಗ್ರಫಿಯ ಆದಿಪುರುಷರಲ್ಲಿ ಒಬ್ಬನಾದ ಡಾಗೆರ್ 1838ರಲ್ಲಿ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯನ್ನು ಕಿಟಕಿಯಿಂದ ಚಿತ್ರ ಹಿಡಿದ. ಹಾಡಹಗಲು. ಆಗಿನ ತಟ್ಟೆಗಳಿಗೆ ಹಗಲಿನಲ್ಲೂ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗಾಡಿ, ಕುದುರೆ, ಜನ ಓಡಾಡುವ ಬೀದಿ ಚಿತ್ರದಲ್ಲಿ ಬಿಕೋ ಅನ್ನುತ್ತದೆ. ಮೂಲೆಯಲ್ಲಿ ಒಬ್ಬ ಮಾತ್ರ ಎದ್ದು ಕಾಣುತ್ತಾನೆ, ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಎತ್ತಿಟ್ಟು ನಿಂತವನು. ಪಾಲಿಶ್ ಮಾಡುವವನು ಮಸುಕು ಮಸುಕು. ಫೋಟೊದಲ್ಲಿ ಸಿಕ್ಕ ಮೊದಲ ಮನುಷ್ಯರು ಇವರೇ ಎನ್ನುತ್ತಾರೆ. ಇಬ್ಬರ ಹೆಸರೂ ಯಾರಿಗೂ ತಿಳಿಯದು. ಆ ಬೀದಿಯಲ್ಲಿ ಆವತ್ತು ದೊಡ್ಡವರು ಎಷ್ಟು ಜನ ಹೋದರೋ! ಒಬ್ಬರೂ ಉಳಿಯಲಿಲ್ಲ.

ಹಾಗೆಂದು ದಾಟಿಹೋದವರು ಏನೂ ಬಿಟ್ಟುಹೋಗುವುದಿಲ್ಲ ಎಂದು ತಿಳಿಯಬೇಡಿ. ಹೌರಾ ಸೇತುವೆಯ ದಾರಿಯನ್ನು ಮೇಲಿನಿಂದ ಉಕ್ಕಿನ ತೂಗುಗಳು ಹಿಡಿದುಕೊಂಡಿವೆ. ಅವುಗಳ ಬುಡದ ಕವಚಗಳು ಕೆಲವೇ ವರ್ಷದಲ್ಲಿ ಅರ್ಧದಷ್ಟು ಸವೆದಿದ್ದವು ಎಂದು 2011ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. ಕಾರಣ ಏನು ಗೊತ್ತೆ? ನಡೆದುಹೋಗುವವರು ಉಗುಳಿದ ಪಾನ್. ಸುಣ್ಣ, ಅಡಿಕೆ, ಎಂಜಲು ಸೇರಿ ಉಕ್ಕನ್ನು ತಿಂದಿತ್ತು. ಆಮೇಲೆ ಬುಡಕ್ಕೆ ಫೈಬರ್ ಹೊದಿಕೆ ಹಾಕಿದರು. ನಗಬೇಡಿ, ಅದರಲ್ಲಿ ನಮ್ಮ ಸೀಮೆಯ ಅಡಿಕೆಯೂ ಇದ್ದೀತು! ಯುದ್ಧಕಾಲದಲ್ಲಿ ಕಟ್ಟಿದ ಸೇತುವೆಯ ಉಕ್ಕನ್ನು, ಫೋಟೊದಲ್ಲಿ ಕಾಣದ ಜನ ಸವೆಸಿದರು. ಕಾಣದವರಿಗೆ ತೂಕ ಇಲ್ಲ ಅನ್ನುವಂತಿಲ್ಲ.

ಇಷ್ಟೆಲ್ಲ ವಿವರವನ್ನು ಅಕ್ಕನಿಗೆ ಹೇಳಿದೆ. ಅವಳು ಕೇಳಿ, "ಹಾಗಾದ್ರೆ ನಿನ್ನ ಕ್ಯಾಮೆರಾ ನಮ್ಮ ಶಾಲೆಯ ಹಾಜರಿ ಪುಸ್ತಕದ ಹಾಗೇ" ಅಂದಳು. ತಮಾಷೆಗೆ ಅಂದದ್ದು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಯಾಕೆಂದು ಹೇಳುತ್ತೇನೆ. ಅಕ್ಕ ಇಲ್ಲೇ ಕುಳಿತಿದ್ದಾಳೆ. ಹೆಸರು ಹೇಳಬೇಡ ಅಂದಿದ್ದಾಳೆ, ಹೇಳುವುದಿಲ್ಲ.

1983ರಲ್ಲಿ ನಾನು ಎಂಟನೇ ತರಗತಿ, ಅಕ್ಕ ಹತ್ತನೇ ತರಗತಿ. ನಮ್ಮ ಮನೆ ಹಳ್ಳದ ಆಚೆ. ಸಂಕ ಅಂದರೆ ಈಗಿನ ಮಕ್ಕಳಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಎರಡು ಅಡಿಕೆ ಮರ ಅಡ್ಡ ಹಾಕಿ, ಮೇಲೆ ದಬ್ಬೆ ಕಟ್ಟಿ, ಹಿಡಿದುಕೊಳ್ಳಲು ಒಂದು ಬಿದಿರಿನ ಗಳ. ಬೇಸಿಗೆಯಲ್ಲಿ ಅದರ ಮೇಲೆ ಓಡುತ್ತಿದ್ದೆವು. ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತಿತ್ತು. ಅಕ್ಕ ನನ್ನನ್ನು ಮುಂದೆ ಬಿಟ್ಟು, ಪುಸ್ತಕದ ಚೀಲವನ್ನು ಹಿಂದಿನಿಂದ ಹಿಡಿದುಕೊಂಡು ದಾಟಿಸುತ್ತಿದ್ದಳು. ಆ ವರ್ಷ ಪುನರ್ವಸು ಮಳೆ ಜೋರಾಗಿತ್ತು. ಒಂದು ಬೆಳಿಗ್ಗೆ ನೀರು ದಬ್ಬೆಗೆ ತಾಗುತ್ತಿತ್ತು. ಇಬ್ಬರೂ ಒಟ್ಟಿಗೆ ಹತ್ತಿದರೆ ಭಾರ ತಡೆಯಲಿಕ್ಕಿಲ್ಲ ಎಂದು ಅಕ್ಕ ನನ್ನೊಬ್ಬನನ್ನೇ ಮೊದಲು ಕಳಿಸಿದಳು. ನಾನು ದಾಟಿದೆ. ತಿರುಗಿ "ಬಾ" ಅಂದೆ. ಅವಳು ಒಂದು ಕಾಲು ಇಡುವಷ್ಟರಲ್ಲಿ ಆಚೆ ದಡದ ಮಣ್ಣು ಕುಸಿದು ಸಂಕ ಒಂದು ಕಡೆಯಿಂದ ಎದ್ದು ಹೊರಟೇಹೋಯಿತು. ಅವಳು ಹಿಂದಕ್ಕೆ ಬಿದ್ದು ಬಚಾವಾದಳು.

ನಾನು ಈ ಕಡೆ, ಅವಳು ಆ ಕಡೆ. ನೀರಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಅವಳು ಕೈ ಬೀಸಿ "ಹೋಗು, ಹೋಗು, ಬೆಲ್ ಆಗ್ತದೆ" ಎಂದು ಕೂಗಿದಳು. ನಾನು ಹೋದೆ.

ಆ ಮಳೆಗಾಲ ಪೂರ್ತಿ ನಾನು ಶಾಲೆಯ ಹತ್ತಿರದ ನಂಟರ ಮನೆಯಲ್ಲಿ ಇದ್ದುಕೊಂಡು ಓದಿದೆ. ಹುಡುಗ, ಎಲ್ಲಿ ಬೇಕಾದರೂ ಇರಬಹುದು. ಅಕ್ಕ ಮನೆಯಲ್ಲಿ ಉಳಿದಳು. ಸಂಕ ಮತ್ತೆ ಹಾಕುವ ಹೊತ್ತಿಗೆ ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ನಾಟಿ ಮುಗಿದು ಕಳೆ ಕೆಲಸ, ಆಮೇಲೆ ಅಡಿಕೆ ಕೊಯ್ಲು. ದಸರಾ ರಜೆಯಲ್ಲಿ ನಮ್ಮ ಗಣಿತದ ಮೇಷ್ಟ್ರು ಮನೆಗೇ ಬಂದು, "ಹುಡುಗಿ ಲೆಕ್ಕದಲ್ಲಿ ಚುರುಕು, ಕಳಿಸಿ" ಅಂದರು. ಅಪ್ಪ "ಮುಂದಿನ ವರ್ಷ ನೋಡುವ ಮೇಷ್ಟ್ರೇ" ಅಂದರು. ಅಪ್ಪ ಕೆಟ್ಟವರಲ್ಲ. ಅವಳನ್ನು ಶಾಲೆ ಬಿಡಿಸಬೇಕು ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ತೀರ್ಮಾನ ಮಾಡಲಿಲ್ಲ. ಮುಂದಿನ ವರ್ಷ ಬರಲಿಲ್ಲ, ಅಷ್ಟೇ.

ಅವಳಿಗಿಂತ ಲೆಕ್ಕದಲ್ಲಿ ದಡ್ಡನಾದ ನಾನು ಡಿಪ್ಲೊಮಾ ಓದಿದೆ. ಈ ವೇದಿಕೆಗೆ ನನ್ನನ್ನು ಕರೆದಿರಿ, ಶಾಲು ಹೊದಿಸಿದಿರಿ. ನಲವತ್ತು ವರ್ಷದಲ್ಲಿ ನಾನು ಅವಳನ್ನು ಒಂದು ಸಲವೂ "ನಿನಗೆ ಬೇಜಾರಾಗಿತ್ತಾ" ಎಂದು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅಂಥ ಹಳ್ಳಗಳು ನಮ್ಮ ಮಲೆನಾಡು, ಕರಾವಳಿಯಲ್ಲಿ ಎಷ್ಟು ಇದ್ದವೋ! ಸುಳ್ಯದ ಗಿರೀಶ್ ಭಾರದ್ವಾಜರ ಹೆಸರು ನೀವು ಕೇಳಿರುತ್ತೀರಿ. 1989ರಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದವರು, ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಸರ್ಕಾರವೂ ಶಾಲಾ ಸಂಪರ್ಕ ಸೇತು ಎಂದು ಯೋಜನೆ ಮಾಡಿ ಮಕ್ಕಳು ದಾಟುವ ಹಳ್ಳಗಳಿಗೆ ಕಾಲುಸೇತುವೆ ಹಾಕಿತು. ಹೌರಾ ಸೇತುವೆಯನ್ನು ನೂರಾರು ಸಲ ಫೋಟೊ ತೆಗೆದವನಾಗಿ ಹೇಳುತ್ತೇನೆ, ಸೇತುವೆಯ ಬೆಲೆಯನ್ನು ಅದರ ಉದ್ದದಿಂದ ಅಳೆಯಬಾರದು. ಅದು ಇಲ್ಲದಿದ್ದರೆ ಯಾರು ಆಚೆ ಉಳಿಯುತ್ತಿದ್ದರು ಎಂದು ಕೇಳಬೇಕು.

ನಮ್ಮ ಹಳ್ಳಕ್ಕೂ ಈಗ ಸಿಮೆಂಟಿನ ಸೇತುವೆ ಇದೆ. ಮೂವತ್ತು ನಲವತ್ತು ಹೆಜ್ಜೆ, ಅಷ್ಟೇ. ಹೋದ ದೀಪಾವಳಿಗೆ ಬಂದಾಗ ಅದನ್ನು ರಾತ್ರಿ ಫೋಟೊ ತೆಗೆಯಬೇಕು ಅನ್ನಿಸಿತು. ಅಲ್ಲಿ ದೀಪ ಇಲ್ಲ. ಕತ್ತಲು ಅಂದರೆ ಕತ್ತಲು. ನನ್ನ ಕ್ಯಾಮೆರಾ ತಾನಾಗಿ ಹೆಚ್ಚೆಂದರೆ ಮೂವತ್ತು ಸೆಕೆಂಡು ತೆರೆದಿರುತ್ತದೆ. ಅದಕ್ಕೂ ಹೆಚ್ಚು ಬೇಕಾದರೆ ಬಲ್ಬ್ ಎಂಬ ಕಡೆ ತಿರುಗಿಸಿ, ನಾವು ಮುಚ್ಚುವ ತನಕ ತೆರೆದಿಡಬೇಕು. ಹಳೆಯ ಕ್ಯಾಮೆರಾಗಳಲ್ಲಿ ರಬ್ಬರಿನ ಬುರುಡೆ ಒತ್ತಿ ಹಿಡಿಯುತ್ತಿದ್ದರು, ಆ ಹೆಸರು ಹಾಗೇ ಉಳಿದಿದೆ. ನಾನು ಶಾಲೆಯ ಕಡೆಯ ದಡದಲ್ಲಿ ಸ್ಟ್ಯಾಂಡ್ ಇಟ್ಟು, ಅಕ್ಕನನ್ನು ಆಚೆ ನಿಲ್ಲಿಸಿ, ಬ್ಯಾಟರಿ ಹಿಡಿದುಕೊಂಡು ಈ ಕಡೆ ನಡೆದು ಬಾ ಅಂದೆ. ಶಟರ್ ತೆರೆದೆ. ಹದಿಮೂರರ ಮಗ್ಗಿ ಐದು ಸಲ ಹೇಳಿದೆ. ಅವಳು ಬಂದು ಮುಟ್ಟಿದಳು. ಮುಚ್ಚಿದೆ.

ಇದು ಮೂರನೆಯ ಚಿತ್ರ. ಹಿಂದೆ ಅಡಿಕೆ ತೋಟದ ಕಪ್ಪು, ಮೇಲೆ ಒಂದಿಷ್ಟು ನಕ್ಷತ್ರ, ನಡುವೆ ಸೇತುವೆ. ಅಕ್ಕ ಇಲ್ಲ. ಆದರೆ ಆಚೆ ದಡದಿಂದ ಈಚೆ ದಡಕ್ಕೆ ಒಂದು ಬೆಳಕಿನ ಗೆರೆ ಇದೆ, ನೋಡಿ. ನಡೆಯುವವರ ಕೈಯಲ್ಲಿ ಬೆಳಕಿದ್ದರೆ ಕ್ಯಾಮೆರಾ ಅವರನ್ನು ಬಿಡುವುದಿಲ್ಲ. ಮುಖ ಬರುವುದಿಲ್ಲ, ದಾರಿ ಬರುತ್ತದೆ. ಗೆರೆ ಅವಳ ಹೆಜ್ಜೆಗೆ ಸರಿಯಾಗಿ ಮೇಲೆ ಕೆಳಗೆ ಆಗಿದೆ. ನಡುವೆ ಒಂದು ಕಡೆ ಬೆಳಕು ದಪ್ಪಗಿದೆ. ಅಲ್ಲಿ ಅವಳು ನಿಂತಿದ್ದಳು.

ನನಗೆ ಗಂಟಲು ಕಟ್ಟಿತು. "ಅಕ್ಕಾ, ಅಲ್ಲಿ ಯಾಕೆ ನಿಂತೆ?" ಎಂದು ಕೇಳಿದೆ. "ಚಪ್ಪಲಿಗೆ ಕಲ್ಲು ಸಿಕ್ಕಿತ್ತು" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನಾನು ನಲವತ್ತು ವರ್ಷ ಕೇಳದೆ ಇದ್ದುದಕ್ಕೆ ಅವಳೇ ಉತ್ತರ ಕೊಟ್ಟಳು: "ಆವತ್ತು ನೀನು ತಿರುಗಿ ನೋಡದೆ ಹೋದದ್ದೇ ಒಳ್ಳೇದಾಯ್ತು. ನೋಡಿದ್ರೆ ನಾನು ಅಳ್ತಿದ್ದೆ, ನೀನೂ ವಾಪಸು ಬರ್ತಿದ್ದೆ."

ಮಹನೀಯರೇ, ನನ್ನ ಮಾತು ಮುಗಿಯಿತು. ಒಂದು ಬೇಡಿಕೆ ಇದೆ.

ಈ ಸ್ಮರಣ ಸಂಚಿಕೆಯಲ್ಲಿ ಐವತ್ತು ವರ್ಷ ಎಸ್ಸೆಸ್ಸೆಲ್ಸಿ ಪಾಸಾದವರ ಪಟ್ಟಿಯನ್ನು ವರ್ಷವಾರು ಹಾಕುತ್ತಿದ್ದಾರೆ. ಒಳ್ಳೆಯ ಕೆಲಸ. ಪಟ್ಟಿ ತಾಳೆ ನೋಡಲು ನನಗೂ ಕೆಲವು ಪುಟ ಕಳಿಸಿದ್ದರು. ನಿನ್ನೆ ಕಚೇರಿಯಲ್ಲಿ ಹಳೆಯ ದಾಖಲಾತಿ ಪುಸ್ತಕವನ್ನೂ ನೋಡಿದೆ. ನನ್ನ ಜೊತೆ ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟೋ ಜನ ಪಾಸಾದವರ ಪಟ್ಟಿಯಲ್ಲಿ ಇಲ್ಲ. ನನ್ನ ಪಕ್ಕ ಕೂರುತ್ತಿದ್ದವನೇ ಇಲ್ಲ. ಅಕ್ಕನ ಹೆಸರಿನ ಮುಂದೆ ಶಾಲೆ ಬಿಟ್ಟ ಕಾರಣ ಎಂಬಲ್ಲಿ "ದೀರ್ಘ ಗೈರುಹಾಜರಿ" ಎಂದಿದೆ. ಬರೆದವರು ಸರಿಯಾಗಿಯೇ ಬರೆದಿದ್ದಾರೆ. ಹಳ್ಳ ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ನಾವು ಮಾಡುತ್ತಿರುವ ಈ ಪುಸ್ತಕವೂ ಒಂದು ರಾತ್ರಿ ಚಿತ್ರವೇ. ಐವತ್ತು ವರ್ಷ ಶಟರ್ ತೆರೆದಿಟ್ಟಿದ್ದೇವೆ. ಮೂರು ವರ್ಷ ನಿಂತವರು ಇದರಲ್ಲಿ ಚೆನ್ನಾಗಿ ಮೂಡುತ್ತಾರೆ. ಮೂವತ್ತು ವರ್ಷ ನಿಂತ ನಮ್ಮ ಮೇಷ್ಟ್ರುಗಳು ಇನ್ನೂ ಚೆನ್ನಾಗಿ. ಒಂದು ವರ್ಷಕ್ಕೆ, ಆರು ತಿಂಗಳಿಗೆ ಹೋದವರು ಮೂಡುವುದಿಲ್ಲ. ಕ್ಯಾಮೆರಾಕ್ಕೆ ಬೇರೆ ದಾರಿ ಇಲ್ಲ. ನಮಗೆ ಇದೆ. ದಾಖಲಾತಿ ಪುಸ್ತಕ ಇದೆ, ಅದರಲ್ಲಿ ಹೆಸರಿದೆ. ಸಂಚಿಕೆಯ ಕೊನೆಯಲ್ಲಿ ಕೆಲವು ಪುಟ ಹೆಚ್ಚಾಗಲಿ. ನಡುವೆ ಬಿಟ್ಟವರ ಹೆಸರೂ ವರ್ಷವಾರು ಬರಲಿ. ಕಾರಣ ಬೇಡ, ಬರೀ ಹೆಸರು ಮತ್ತು ಊರು ಸಾಕು. ತಮ್ಮ ಹೆಸರು ಬೇಡ ಅನ್ನುವವರನ್ನು ಬಿಡೋಣ. ಆ ಪುಟಗಳ ಅಚ್ಚಿನ ಖರ್ಚು ನನ್ನದು. ಬರೆದು ತೆಗೆಯುವುದಕ್ಕೆ ನಾಳೆ ಬೆಳಿಗ್ಗೆ ನಾನೇ ಕೂರುತ್ತೇನೆ. ಬರಹ ಓದಲು ಬರದಿದ್ದ ಕಡೆ ಸಹಾಯಕ್ಕೆ ಅಕ್ಕ ಬರುತ್ತಾಳೆ. ಅವಳಿಗೆ ಎಲ್ಲರ ಹೆಸರೂ ಮನೆಯೂ ನೆನಪಿದೆ.

ಕೊನೆಯದಾಗಿ, ಇವತ್ತು ರಾತ್ರಿ ಊಟ ಮುಗಿದ ಮೇಲೆ ಶಾಲೆಯ ಮುಂದೆ ಒಂದು ಗುಂಪು ಫೋಟೊ ತೆಗೆಯುತ್ತೇನೆ. ಹತ್ತು ಸೆಕೆಂಡು. ಪಾಸಾದವರು, ಫೇಲಾದವರು, ಬಿಟ್ಟವರು, ಅಡುಗೆಯವರು, ಎಲ್ಲರೂ ಬನ್ನಿ. ನಾನು ಸನ್ನೆ ಮಾಡಿದ ಮೇಲೆ ಯಾರೂ ಅಲುಗಬಾರದು. ಮಕ್ಕಳೇ, ನಿಮಗೇ ಹೇಳುತ್ತಿರುವುದು. ಹತ್ತು ಸೆಕೆಂಡು ಸುಮ್ಮನೆ ನಿಂತರೆ ಮುಖ ಬರುತ್ತದೆ. ನಿಲ್ಲಲು ಆಗುವುದೇ ಇಲ್ಲ ಅನ್ನುವವರು ಒಂದೊಂದು ಬ್ಯಾಟರಿ ಹಿಡಿದುಕೊಂಡು ಬನ್ನಿ.